ಕ್ಲಾತೆನ್‌ನ ಒಂದು ಕೆರಿಸ್ ಒರೆ: ಮುರಿದ ಎಲೆಯ ದುರಸ್ತಿ ದಾಖಲೆ

ದುರಸ್ತಿಗೆ ಬಂದದ್ದು ಇಂಡೋನೇಷ್ಯಾದ ಮಧ್ಯ ಜಾವಾದ ಕ್ಲಾತೆನ್‌ನಲ್ಲಿರುವ ಒಂದು ಕುಟುಂಬದ ಕೆರಿಸ್ ಕಠಾರಿಯ ಮರದ ಒರೆ. ಅಲಗು ಬಾಗುಗಳಿಲ್ಲದ ನೇರ ಜಾತಿಯದು, ಸುಸ್ಥಿತಿಯಲ್ಲಿದೆ. ಕೆಟ್ಟಿದ್ದು ಒರೆ. ಅದರ ತಲೆಭಾಗದಲ್ಲಿ ದೋಣಿಯಾಕಾರವಾಗಿ ಅಡ್ಡಕ್ಕೆ ಚಾಚಿಕೊಂಡಿರುವ ಮರದ ಒಂದು ತುದಿ ಅರ್ಧಕ್ಕೇ ಮುರಿದಿತ್ತು, ಮುರಿದ ತುಂಡು ಎಲ್ಲಿಯೂ ಸಿಕ್ಕಿರಲಿಲ್ಲ. ಅಲಗನ್ನು ಒಳಗಿಳಿಸುವ ಬಾಯಿ ಸವೆದು ಅಗಲವಾಗಿತ್ತು. ಆ ಸಡಿಲವನ್ನು ಹಿಂದೆ ಯಾರೋ ಬಟ್ಟೆಯ ಚೂರು ತುರುಕಿ ತುಂಬಿದ್ದರು. ಕೆಳಗಿನ ಕಾಂಡಕ್ಕೆ ತೊಡಿಸಿದ್ದ ಹಿತ್ತಾಳೆಯ ಕವಚ ಒರೆಯನ್ನು ತಲೆಕೆಳಗು ಮಾಡುವ ಮೊದಲೇ ಜಾರಿ ಬರುತ್ತಿತ್ತು. ಮನೆಯ ಮಗನ ಮದುವೆಯಲ್ಲಿ ವರನ ಬೆನ್ನಿಗೆ ಸಿಕ್ಕಿಸುವ ಕೆರಿಸ್ ಇದೇ ಆಗಿರಬೇಕೆಂದು ಹಿರಿಯರು ನಿಶ್ಚಯಿಸಿದ್ದರಿಂದ, ಸುರಕರ್ತಾದಲ್ಲಿ ಮರಗೆಲಸ ಮಾಡಿಕೊಂಡಿರುವ ನನ್ನ ಬಳಿಗೆ ಅದು ಬಂತು.

ಹೊರಗಿನವರ ಕಣ್ಣಿಗೆ ಒರೆಯೆಂದರೆ ಒಂದೇ ವಸ್ತು. ಜಾವಾದ ಒರೆಗಾರನಿಗೆ, ಅಂದರೆ ಮ್ರಂಗ್ಗಿಗೆ, ಅದು ಹಲವು ಕೈಗಳ ಕೆಲಸ. ಮೇಲಿನ ಅಡ್ಡಮರ ವರಂಗ್ಕಾ. ಅದಕ್ಕೆ ಕೆಳಗಿನಿಂದ ಕೂಡಿಕೊಂಡು ಅಲಗಿನ ಉದ್ದಕ್ಕೂ ಇಳಿಯುವ ಕಾಂಡ ಗಂದರ್. ಗಂದರ್‌ನ ಮೇಲೆ ತೊಡಿಸುವ ಲೋಹದ ಕವಚ ಪೆಂಡೊಕ್. ಪೆಂಡೊಕ್ ಬಡಿಯುವವನು ಬೇರೆ ಕಸುಬುದಾರ, ಹಿಡಿ ಕೆತ್ತುವವನು ಮತ್ತೊಬ್ಬ. ವರಂಗ್ಕಾ ಮತ್ತು ಗಂದರ್ ಎರಡು ಬೇರೆ ತುಂಡುಗಳಾಗಿರುವುದಕ್ಕೆ ಕಾರಣ ಮರದ ಎಳೆಯ ದಿಕ್ಕು. ಅಡ್ಡಕ್ಕೆ ಚಾಚುವ ಭಾಗದಲ್ಲಿ ಎಳೆ ಅಡ್ಡಲಾಗಿಯೇ ಓಡಬೇಕು, ಉದ್ದಕ್ಕೆ ಇಳಿಯುವ ಕಾಂಡದಲ್ಲಿ ಉದ್ದಕ್ಕೆ ಓಡಬೇಕು. ಒಂದೇ ಹಲಗೆಯಲ್ಲಿ ಇವೆರಡೂ ಸಾಧ್ಯವಿಲ್ಲ. ಒಂದೇ ತುಂಡಿನಿಂದ ಕೆತ್ತಿದ ಒರೆಗಳೂ ಇವೆ, ಅವನ್ನು ಇರಸ್ ಎಂದು ಕರೆದು ಬಹಳ ಬೆಲೆ ಕಟ್ಟುತ್ತಾರೆ. ಮರ ಹೆಚ್ಚು ಪೋಲಾಗುತ್ತದೆ, ಕೆಲಸವೂ ಕಷ್ಟ, ಆದರೆ ಗಟ್ಟಿತನದ ಲೆಕ್ಕದಲ್ಲಿ ಎರಡು ತುಂಡಿನ ಒರೆಯೇ ಮೇಲೆಂದು ನನ್ನ ಅಭಿಪ್ರಾಯ.

ವರಂಗ್ಕಾದ ಎರಡು ತುದಿಗಳ ಪೈಕಿ ನೆಟ್ಟಗೆ ಮೇಲೇಳುವ ಗಿಡ್ಡ ಕೊಂಬಿನಂಥ ತುದಿಗೆ ಅಂಗ್ಕುಪ್ ಎಂದೂ, ತೆಳ್ಳಗಾಗುತ್ತ ಬಳುಕಿ ಸುರುಳಿಗೊಳ್ಳುವ ಇನ್ನೊಂದು ತುದಿಗೆ ಗೊಡೊಂಗ್, ಅಂದರೆ ಎಲೆ ಎಂದೂ ಹೆಸರು. ಮುರಿಯುವುದು ಬಹುಮಟ್ಟಿಗೆ ಈ ಎಲೆಯೇ. ಅಡ್ಡಲಾಗಿ ಓಡುವ ಎಳೆಗೆ ಎದುರಾಗಿ ತುದಿಯು ಮೇಲಕ್ಕೆ ಬಾಗುವಲ್ಲಿ ಎಳೆಗಳು ತುಂಡುತುಂಡಾಗಿ ಉಳಿಯುತ್ತವೆ; ಆ ಜಾಗದಲ್ಲಿ ಮರ ಕೆಲವೇ ಮಿಲಿಮೀಟರ್ ದಪ್ಪ. ಒರೆ ಒಮ್ಮೆ ನೆಲಕ್ಕೆ ಬಿದ್ದರೆ ಸಾಕು. ನಮ್ಮ ಒರೆಯಲ್ಲೂ ಬಿರುಕು ಎಳೆಯ ಗುಂಟ ಓರೆಯಾಗಿ ಹರಿದಿತ್ತು, ಮುರಿದ ಮುಖ ನುಣುಪಾದ ಇಳಿಜಾರಿನಂತಿತ್ತು. ಮುಂದೆ ಜೋಡಣೆಗೆ ಇದೇ ಅನುಕೂಲವಾಯಿತು.

ಅಲಗನ್ನು ನನ್ನ ಕಾರ್ಯಾಗಾರದಲ್ಲಿ ಇಟ್ಟುಕೊಳ್ಳಲಿಲ್ಲ. ಅದು ಮನೆತನದ ಪೂರ್ವಿಕರ ವಸ್ತು, ಮನೆಯಲ್ಲೇ ಇರಲಿ ಎಂಬುದು ಅವರ ಇಚ್ಛೆಯಾಗಿತ್ತು, ನನಗೂ ಅದೇ ಹಿತವೆನಿಸಿತು. ಅವರ ಮನೆಯಲ್ಲೇ, ಮನೆಯ ಹಿರಿಯರ ಕೈಯಿಂದ, ಅಲಗು ಹೊರಬಂತು. ಇಲ್ಲಿನ ಪದ್ಧತಿಯಂತೆ ಅಲಗನ್ನು ಒರೆಯಿಂದ ಎಳೆಯುವುದಿಲ್ಲ. ಅಲಗನ್ನು ಸ್ಥಿರವಾಗಿ ಹಿಡಿದು ಒರೆಯನ್ನು ಅದರಿಂದ ಹಿಂದಕ್ಕೆ ಸರಿಸುತ್ತಾರೆ. ಅಲಗಿನ ಬುಡದಲ್ಲಿ ಬೇರೆ ಲೋಹದ ತುಂಡಾಗಿ ಕೂರುವ ಗಂಜದ ಅಚ್ಚನ್ನು ದಪ್ಪ ಕಾಗದದ ಮೇಲೆ ತೆಗೆದುಕೊಂಡೆ. ಗಂಜದ ಒಂದು ಕೊನೆ ಹಲ್ಲಿಯ ತಲೆಯಂತೆ ದುಂಡಗೆ, ಇನ್ನೊಂದು ಕೊನೆ ಬಾಲದಂತೆ ಚೂಪಗೆ ಇರುವುದರಿಂದ ಒರೆಯ ಬಾಯಿ ಒಂದೇ ದಿಕ್ಕಿನಲ್ಲಿ ಅಲಗನ್ನು ಒಪ್ಪಿಕೊಳ್ಳುತ್ತದೆ. ಅಚ್ಚಿನ ಮೇಲೆ ತಲೆ ಯಾವುದು, ಬಾಲ ಯಾವುದು, ಒರೆಯ ಮುಂಭಾಗ ಯಾವ ಕಡೆ ಎಂದು ಆಗಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಕೆರಿಸ್ ಅಲಗುಗಳಿಗೆ ವಾರಂಗನ್ ಎಂಬ ಸಂಸ್ಕಾರದಲ್ಲಿ ಹುಳಿ ನಿಂಬೆಯ ರಸದೊಂದಿಗೆ ಪಾಷಾಣವನ್ನು ಹಚ್ಚುವ ರೂಢಿಯಿದೆ. ಕಬ್ಬಿಣ ಕಪ್ಪಾಗಿ, ನಡುವಿನ ನಿಕ್ಕೆಲ್ ಬೆಳ್ಳಗೆ ಉಳಿದು ಪಮೊರ್ ಎಂಬ ಚಿತ್ತಾರ ಎದ್ದು ಕಾಣುವುದು ಇದರಿಂದಲೇ. ಆದ್ದರಿಂದ ಹಳೆಯ ಒರೆಯ ಒಳಗಿನ ಧೂಳನ್ನು ಊದಬಾರದು, ಬಾಯಿಗೆ ತುರುಕಿದ್ದ ಬಟ್ಟೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು, ಮುಖಗವಸು ಹಾಕಿಕೊಂಡು, ಚಿಮ್ಮಟದಿಂದ ಬಟ್ಟೆಯನ್ನು ತೆಗೆದು, ಒದ್ದೆ ಬಟ್ಟೆಯಿಂದ ಬಾಯಿಯ ಅಂಚುಗಳನ್ನು ಒರೆಸಿದೆ. ಆ ಚೂರುಗಳನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಮುಚ್ಚಿದ ಡಬ್ಬಿಯಲ್ಲಿ ಬೇರೆಯಾಗಿಟ್ಟೆ.

ಇದು ಯಾವ ಸೀಮೆಯ ಒರೆ?

ಉಳಿಯನ್ನು ಮುಟ್ಟುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆ ಇದು. ಇಲ್ಲದ ಎಲೆಯನ್ನು ಮತ್ತೆ ಕೆತ್ತಬೇಕಾದರೆ ಅದು ಎಷ್ಟು ದೂರ ಚಾಚಬೇಕು, ಎಲ್ಲಿ ಬಾಗಬೇಕು, ತುದಿ ಒಳಕ್ಕೆ ತಿರುಗಬೇಕೇ ಹೊರಕ್ಕೆ ತೆರೆಯಬೇಕೇ ಎಂಬುದನ್ನೆಲ್ಲ ಸೀಮೆಯ ಶೈಲಿಯೇ ನಿರ್ಧರಿಸುತ್ತದೆ. ಇದನ್ನು ಇಲ್ಲಿ ಗಗ್ರಕ್ ಎನ್ನುತ್ತಾರೆ. ಮ್ರಂಗ್ಗಿಯೊಬ್ಬನಿಗೆ ಸಾಮಾನ್ಯವಾಗಿ ಒಂದು ಎಲೆ ಕೆತ್ತಿ ಎಂದರೆ ಅವನು ಮೊದಲು ಕೇಳುವುದು ಸೊಲೊದ್ದೋ (ಅಂದರೆ ಸುರಕರ್ತಾದ್ದೋ) ಜೊಗ್ಜಾದ್ದೋ (ಅಂದರೆ ಯೋಗ್ಯಕರ್ತಾದ್ದೋ) ಎಂದು.

ಈ ಎರಡು ಹೆಸರುಗಳ ಹಿಂದಿರುವುದು ಒಂದು ರಾಜಕೀಯ ವಿಭಜನೆ. 1755ರ ಫೆಬ್ರವರಿ 13ರಂದು ಆದ ಗಿಯಾಂತಿ ಒಪ್ಪಂದದಿಂದ ಮತರಾಮ್ ರಾಜ್ಯ ಎರಡಾಯಿತು. ಸುರಕರ್ತಾ ಮೂರನೆಯ ಪಕುಬುವೊನೊ ಅವರಿಗೆ ಉಳಿಯಿತು, ಯೋಗ್ಯಕರ್ತಾ ಮೊದಲನೆಯ ಹಮೆಂಗ್ಕುಬುವೊನೊ ಆದ ಮಂಗ್ಕುಬುಮಿಯವರಿಗೆ ಹೋಯಿತು. ಯೋಗ್ಯಕರ್ತಾ ಹಳೆಯ ಮತರಾಮ್ ಶೈಲಿಯನ್ನು ಉಳಿಸಿಕೊಂಡಿತು, ಸುರಕರ್ತಾ ತನ್ನದೇ ಹೊಸ ಶೈಲಿಯನ್ನು ಬೆಳೆಸಿತು ಎಂಬುದು ಇಲ್ಲಿ ಎಲ್ಲರೂ ಹೇಳುವ ಮಾತು. ಉಡುಗೆ, ನೃತ್ಯ, ಗಮೆಲನ್ ವಾದ್ಯಗಳ ನುಡಿಸಾಣಿಕೆ ಹೇಗೆ ಎರಡು ದಾರಿ ಹಿಡಿದವೋ ಒರೆಯೂ ಹಾಗೆಯೇ ಎರಡು ದಾರಿ ಹಿಡಿಯಿತು. ಕ್ಲಾತೆನ್ ಈ ಎರಡು ರಾಜಧಾನಿಗಳ ನಡುವಿನ ಊರು. ಹಾಗಾಗಿ ಅಲ್ಲಿ ಸಿಕ್ಕಿದ ಒರೆ ಎರಡರಲ್ಲಿ ಯಾವ ಕಡೆಯದೂ ಆಗಿರಬಹುದು, ಅಥವಾ ಎರಡೂ ಕಡೆಯ ಬಿಡಿಭಾಗಗಳು ಒಂದೇ ಒರೆಯಲ್ಲಿ ಸೇರಿರಬಹುದು.

ಆಕಾರಗಳ ಮಟ್ಟಿಗೆ ಹೇಳುವುದಾದರೆ, ಆಸ್ಥಾನದಲ್ಲಿ, ಮದುವೆಯಲ್ಲಿ, ವಿಧ್ಯುಕ್ತ ಸಂದರ್ಭಗಳಲ್ಲಿ ಧರಿಸುವ ದೋಣಿಯಾಕಾರದ ಒರೆಗೆ ಸುರಕರ್ತಾದಲ್ಲಿ ಲದ್ರಂಗ್ ಎಂದೂ ಯೋಗ್ಯಕರ್ತಾದಲ್ಲಿ ಬ್ರಂಗ್ಗಾ ಎಂದೂ ಹೆಸರು. ನಿತ್ಯದ ಬಳಕೆಯ, ತುದಿಗಳು ಚಾಚದ ದುಂಡು ಆಕಾರದ ಒರೆಗೆ ಎರಡೂ ಕಡೆ ಗಯಾಮನ್ ಎಂಬ ಒಂದೇ ಹೆಸರಿದೆ. ಗಯಾಮ್ ಎಂಬ ಮರದ ಕಾಯಿಯ ಆಕಾರ ಅದು. ಯುದ್ಧಕ್ಕೆ ಹೋಗುವವನಿಗೆ ಗಯಾಮನ್ ಅನುಕೂಲ, ಏಕೆಂದರೆ ಯಾವುದಕ್ಕೂ ಸಿಕ್ಕಿಕೊಳ್ಳುವಂಥ ಎಲೆ ಅದಕ್ಕಿಲ್ಲ. ಇವೆರಡಕ್ಕಿಂತ ಸರಳವಾದ, ಅಡ್ಡಮರವೇ ಬಹುಮಟ್ಟಿಗೆ ಇಲ್ಲದ ಸಂದಂಗ್ ವಲಿಕತ್ ಕೂಡ ಇದೆ. ನಮ್ಮ ಒರೆಯ ಬುಡದಲ್ಲಿ ಎಲೆಯ ಆರಂಭ ಸ್ಪಷ್ಟವಾಗಿ ಉಳಿದಿದ್ದರಿಂದ ಗಯಾಮನ್ ಅಲ್ಲವೆಂಬುದು ಖಚಿತವಾಗಿತ್ತು. ಮುರಿದ ಬುಡವನ್ನು ಉಜ್ಜಿ ದುಂಡಗೆ ಮಾಡಿ ಗಯಾಮನ್‌ನಂತೆ ಕಾಣಿಸಿದರೆ ಕೆಲಸ ಸುಲಭವಾಗುತ್ತದೆ ಎಂದು ನೆಂಟರೊಬ್ಬರು ಸೂಚಿಸಿದರು. ಅದಕ್ಕೆ ನಾನು ಒಪ್ಪಲಿಲ್ಲ. ಗಯಾಮನ್‌ನ ಹೊಟ್ಟೆಯ ದಪ್ಪ, ಅಂಗ್ಕುಪ್‌ನ ನಿಲುವು ಎಲ್ಲವೂ ಬೇರೆ. ಹಾಗೆ ಉಜ್ಜಿದ ಒರೆ ಯಾವ ಸೀಮೆಗೂ ಸೇರದ ವಸ್ತುವಾಗುತ್ತದೆ, ಅದರ ಮೇಲೆ ಮದುವೆಗೆ ಬೇಕಾದದ್ದು ವಿಧ್ಯುಕ್ತ ಒರೆ.

ಲದ್ರಂಗ್ ಮತ್ತು ಬ್ರಂಗ್ಗಾಗಳ ನಡುವೆ ಆಯ್ಕೆ ಮಾಡಲು ಯಾವ ಸಾಕ್ಷ್ಯವನ್ನು ನಂಬಬೇಕು ಎಂಬುದರಲ್ಲೇ ಇಡೀ ಕೆಲಸದ ಜಾಣತನವಿದೆ. ಒರೆಗೆ ತೊಡಿಸಿದ್ದ ಪೆಂಡೊಕ್ ಬ್ಲೆವಾ ಜಾತಿಯದು, ಅಂದರೆ ಮುಂಭಾಗದಲ್ಲಿ ಉದ್ದಕ್ಕೂ ಸೀಳು ಬಿಟ್ಟು ಒಳಗಿನ ಮರ ಕಾಣುವಂಥದ್ದು. ಸುರಕರ್ತಾದಲ್ಲಿ ಇದು ಹೆಚ್ಚು. ಸೀಳಿಲ್ಲದೆ ಪೂರ್ತಿ ಸುತ್ತುವ ಬುಂತೊನ್ ಯೋಗ್ಯಕರ್ತಾದಲ್ಲಿ ಹೆಚ್ಚಾಗಿ ಕಾಣುತ್ತದೆ. ಹಿಡಿಯಾದರೋ ತೆಳ್ಳಗಿತ್ತು, ಅದರ ಮೇಲಿನ ಪತ್ರಾ ಎಂಬ ಚಿಕ್ಕ ಕೆತ್ತನೆಗಳು ಆಳವಾಗಿ ಚುರುಕಾಗಿ ಕಡಿದವು. ಅದು ಯೋಗ್ಯಕರ್ತಾದ ಹಿಡಿ. ಸುರಕರ್ತಾದ ಹಿಡಿ ಇದಕ್ಕಿಂತ ತುಸು ದಪ್ಪ, ಮೈ ಮೃದು. ಹೀಗೆ ಕವಚ ಒಂದು ಕಡೆ, ಹಿಡಿ ಇನ್ನೊಂದು ಕಡೆ ಬೊಟ್ಟು ಮಾಡುತ್ತಿದ್ದವು. ಆದರೆ ಈ ಎರಡು ಸಾಕ್ಷ್ಯಗಳಿಗೂ ನಾನು ಬೆಲೆ ಕೊಡಲಿಲ್ಲ. ಪೆಂಡೊಕ್ ಬರೀ ಬಿಗಿತದಿಂದ ನಿಲ್ಲುವ ಕವಚ, ಎಳೆದರೆ ಕಳಚುತ್ತದೆ. ಹಿಡಿಯೂ ಅಲಗಿನ ಬುಡದಿಂದ ಅದರೊಳಕ್ಕೆ ಹೋಗುವ ಕಡ್ಡಿಗೆ ಸುತ್ತಿದ ಬಟ್ಟೆಯ ಅಥವಾ ಕೂದಲಿನ ಬಿಗಿತದಿಂದ ಮಾತ್ರ ನಿಲ್ಲುತ್ತದೆ. ಮೆಂಡಕ್ ಎಂಬ ಕೊರಳುಂಗುರವೂ ಹಾಗೆಯೇ. ಮೂರು ತಲೆಮಾರುಗಳಲ್ಲಿ ಇವು ಎಷ್ಟು ಸಲ ಅದಲುಬದಲಾಗಿವೆಯೋ ಹೇಳಲಾಗದು. ಸುರಕರ್ತಾದ ತ್ರಿವಿಂಡು ಹಳೆಯ ವಸ್ತುಗಳ ಸಂತೆಯಲ್ಲಿ ಇಂಥ ಬಿಡಿ ಹಿಡಿಗಳು ತಟ್ಟೆಗಟ್ಟಲೆ ಮಾರಾಟಕ್ಕಿರುತ್ತವೆ. ಬದಲಾಯಿಸಲು ಬಾರದ ಭಾಗ ಒಂದೇ, ವರಂಗ್ಕಾದ ಮರ. ಕೇಳಬೇಕಾದದ್ದು ಅದನ್ನೇ.

ಮರ ಯಾವುದೆಂಬುದೂ ಇಲ್ಲಿ ನೆರವಾಗಲಿಲ್ಲ. ಅದು ತಿಮೊಹೊ; ತೆಳು ಹಳದಿ ಮಿಶ್ರಿತ ಕಂದು ಮೈಯ ಮೇಲೆ ಪೆಲೆತ್ ಎಂಬ ಕಡುಗಪ್ಪು ಕಲೆಗಳಿರುವ ಮರ, ಎರಡು ಸೀಮೆಗಳಲ್ಲೂ ಮೆಚ್ಚುಗೆ ಪಡೆದದ್ದು. ಉಳಿದದ್ದು ರೇಖೆ. ಒರೆಯನ್ನು ಬಿಳಿ ಹಾಳೆಯ ಮೇಲಿಟ್ಟು, ದೂರದಿಂದ ದೀಪ ಹಿಡಿದು ನೆರಳಿನ ಅಂಚನ್ನು ಸೀಸದ ಕಡ್ಡಿಯಿಂದ ಎಳೆದುಕೊಂಡೆ. ಸುರಕರ್ತಾದಲ್ಲಿ 2017ರಲ್ಲಿ ತೆರೆದ ಕೆರಿಸ್ ನುಸಂತಾರ ವಸ್ತುಸಂಗ್ರಹಾಲಯದಲ್ಲೂ, ಯೋಗ್ಯಕರ್ತಾದ ಸೊನೊಬುದೊಯೊದಲ್ಲೂ ಪ್ರದರ್ಶನಕ್ಕಿರುವ ಒರೆಗಳನ್ನು ನೇರ ಎದುರಿನಿಂದ ತೆಗೆದ ಚಿತ್ರಗಳಿಂದ ಅಂಥವೇ ರೇಖೆಗಳನ್ನು ಎಳೆದು, ಒಂದೇ ಅಳತೆಗೆ ತಂದು, ಒಂದರ ಮೇಲೊಂದು ಇಟ್ಟು ನೋಡಿದೆ. ಬ್ರಂಗ್ಗಾದ ಮೈ ಒಟ್ಟಾರೆ ಗಿಡ್ಡ ಮತ್ತು ಅಡಕ. ಅದರ ಎಲೆ ಬುಡದಿಂದ ಹೊರಟ ಕೂಡಲೇ ಮೇಲೆದ್ದು ತುದಿಯನ್ನು ಒಳಕ್ಕೆ ಸುತ್ತಿಕೊಳ್ಳುತ್ತದೆ. ಲದ್ರಂಗ್‌ನ ಮೈ ಉದ್ದ. ಎಲೆ ಮೊದಲು ದೂರಕ್ಕೆ ಚಾಚಿ, ನಿಧಾನವಾಗಿ ಅಗಲವಾಗಿ, ಆಮೇಲಷ್ಟೇ ಬಾಗುತ್ತದೆ. ನಮ್ಮ ಒರೆಯಲ್ಲಿ ಉಳಿದಿದ್ದ ಬುಡದ ಕೆಳ ಅಂಚು, ಬ್ರಂಗ್ಗಾದಲ್ಲಿ ಏರಬೇಕಾದ ಜಾಗವನ್ನು ದಾಟಿಯೂ ಬಹುತೇಕ ಸಮತಲವಾಗಿಯೇ ಸಾಗಿತ್ತು. ಮುರಿದ ಕಡೆಯಲ್ಲಿ ಮರದ ಅಗಲ ಕುಗ್ಗುವ ಬದಲು ಹಿಗ್ಗತೊಡಗಿತ್ತು. ಇಷ್ಟು ಸಾಕಾಗಿತ್ತು: ಇದು ಸುರಕರ್ತಾದ ಲದ್ರಂಗ್, ಅದಕ್ಕೆ ಯಾವಾಗಲೋ ಯೋಗ್ಯಕರ್ತಾದ ಹಿಡಿಯೊಂದು ಬಂದು ಸೇರಿದೆ.

ಜಾವಾದ ಆಚೆಯ ಸೀಮೆಗಳನ್ನೂ ಒಮ್ಮೆ ಪರಿಶೀಲಿಸಿ ಕೈಬಿಟ್ಟಿದ್ದೆ. ಮದುರಾ ದ್ವೀಪದ ಒರೆಗಳಲ್ಲಿ ಗಂದರ್‌ನ ಮರದ ಮೇಲೆಯೇ ಕೆತ್ತನೆ ತುಂಬಿರುವುದುಂಟು, ಆಗ ಲೋಹದ ಕವಚದ ಪ್ರಶ್ನೆ ಬರುವುದಿಲ್ಲ. ಮದುರಾದಲ್ಲೇ ಇರುವ ಸುಮೆನೆಪ್‌ನ ಅಯೆಂಗ್ ತೊಂಗ್ ತೊಂಗ್ ಹಳ್ಳಿಯಲ್ಲಿ ಇಂದಿಗೂ ಮನೆಮನೆಯಲ್ಲಿ ಕೆರಿಸ್ ಕೆಲಸ ನಡೆಯುತ್ತದೆ. ಬಾಲಿಯಲ್ಲಿ ಅಲಗೇ ದೊಡ್ಡದು, ಒರೆಯೂ ಅದಕ್ಕೆ ತಕ್ಕಂತೆ ಭಾರಿ. ಲದ್ರಂಗ್‌ನ ನೆಂಟನಂತೆ ಕಾಣುವ ಸೆಸ್ರೆಂಗತನ್ ಅಲ್ಲಿದೆ, ಮಾವಿನ ಗೊರಟೆಯ ಹೆಸರು ಹೊತ್ತ ಬತುನ್ ಪೊಹ್ ಎಂಬ ಸರಳ ಆಕಾರವೂ ಇದೆ. ಇವುಗಳಲ್ಲಿ ಯಾವುದಕ್ಕೂ ನಮ್ಮ ಒರೆಯ ಬುಡದ ರೇಖೆ ಹೊಂದುತ್ತಿರಲಿಲ್ಲ.

ಮರದ ಆಯ್ಕೆ

ಹೊಸ ಎಲೆಗೆ ಮರ ತಂದದ್ದು ಯೋಗ್ಯಕರ್ತಾದ ದಕ್ಷಿಣಕ್ಕೆ, ಇಮೊಗಿರಿಯ ಹತ್ತಿರವಿರುವ ಬನ್ಯುಸುಮುರುಪ್ ಹಳ್ಳಿಯಿಂದ. ಕೆರಿಸ್‌ನ ಒರೆ, ಹಿಡಿ, ಕವಚಗಳ ತಯಾರಿಕೆಗೇ ಹೆಸರಾದ ಹಳ್ಳಿ ಅದು. ಅಲ್ಲಿನ ಕಸುಬುದಾರರು ಒರೆ ಕೆತ್ತಿ ಉಳಿದ ತಿಮೊಹೊ ಚೂರುಗಳನ್ನು ಗೋಣಿಚೀಲದಲ್ಲಿ ಕೂಡಿಟ್ಟಿರುತ್ತಾರೆ, ನಮಗೆ ಬೇಕಾದದ್ದು ಅಂಗೈಯಗಲದ ತುಂಡು ಮಾತ್ರ. ಆರಿಸುವಾಗ ನೋಡಬೇಕಾದದ್ದು ಪೆಲೆತ್ ನಿಜವಾದದ್ದೇ ಎಂಬುದನ್ನು. ಬರೀ ಮರದ ಮೇಲೆ ಬಣ್ಣದಿಂದ ಕಲೆ ಮೂಡಿಸಿ ಮಾರುವುದು ಮಾಮೂಲು. ತುಂಡಿನ ಒಂದು ಮೂಲೆಯಲ್ಲಿ ಕೀಸುಳಿಯಿಂದ ಒಂದೆರಡು ಎಳೆ ತೆಗೆದಾಗ ಕಪ್ಪು ಕಲೆ ಕೆಳಗೂ ಇಳಿದಿದ್ದರೆ, ತುಸು ಜಾಗ ಬದಲಿಸಿ ಮುಂದುವರಿದಿದ್ದರೆ ಅದು ಹುಟ್ಟಿದ್ದು. ಕೀಸಿದ ಕೂಡಲೇ ಮಾಯವಾದರೆ ಬಳಿದದ್ದು. ಅಡ್ಡಲಾಗಿ ಪಟ್ಟಿಯಂತೆ ಸುತ್ತುವ ಕೆಂಡಿತ್ ಎಂಬ ಪೆಲೆತ್‌ಗೆ ಇಲ್ಲಿ ಅತಿ ಹೆಚ್ಚು ಬೆಲೆ, ಅದಕ್ಕೆ ಶುಭದ ನಂಬಿಕೆಯೂ ಅಂಟಿಕೊಂಡಿದೆ. ನಮ್ಮ ಒರೆಯಲ್ಲಿ ಇದ್ದದ್ದು ಚದುರಿದ ಸಣ್ಣ ಕಲೆಗಳು, ಹಾಗಾಗಿ ಕಡಿಮೆ ಬೆಲೆಯ ತುಂಡೇ ಸರಿಹೊಂದಿತು.

ಮನೆಯ ಹಿರಿಯರು ಗಂಧದ ಮರ ಹಾಕಿದರೆ ಹೇಗೆ ಎಂದು ಕೇಳಿದ್ದರು. ಸುರಕರ್ತಾದ ಆಸ್ಥಾನದಲ್ಲಿ ಸುವಾಸನೆಯ ಚೆಂದನ ಮರದ ಒರೆಗೆ ಬಹಳ ಮರ್ಯಾದೆ. ತಿಮೊರ್ ಕಡೆಯಿಂದ ಬರುವ ಆ ಮರ ನಮ್ಮ ಶ್ರೀಗಂಧವೇ, 1792ರಲ್ಲಿ ಟಿಪ್ಪು ಸುಲ್ತಾನ್ ರಾಜವೃಕ್ಷವೆಂದು ಸಾರಿದ ಅದೇ ಜಾತಿ. ಒರೆಗಳಿಗೆ ಬಳಸುವ ಸೊನೊಕೆಲಿಂಗ್ ಕೂಡ ಮೈಸೂರಿನ ಕುಸುರಿ ಕೆಲಸದಲ್ಲಿ ನಾವು ಕಾಣುವ ಬೀಟೆ ಮರವೇ. ಆದರೂ ಹಳೆಯ ತಿಮೊಹೊ ಮೈಗೆ ಗಂಧದ ತುದಿ ಕೂಡಿಸಿದರೆ ಎಳೆಯೂ ಬಣ್ಣವೂ ಎರಡಾಗಿ ಕಾಣುತ್ತವೆ. ತೇವಕ್ಕೆ ಎರಡು ಮರಗಳೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಜೋಡಣೆಯ ಮೇಲೆ ಒತ್ತಡ ಹಾಕುತ್ತವೆ. ಜೋಡಣೆ ಕಣ್ಣಿಗೆ ಬೀಳದಷ್ಟು ಹೊಂದಾಣಿಕೆ ಬೇಕಾದರೆ ಅದೇ ಜಾತಿಯ ಮರವೇ ಆಗಬೇಕು. ತಂದ ತುಂಡನ್ನು ಒರೆಯ ಜೊತೆಯಲ್ಲೇ ಒಂದೇ ಕಪಾಟಿನಲ್ಲಿ ಕೆಲವು ವಾರ ಇಟ್ಟು, ಎರಡೂ ಒಂದೇ ತೇವಕ್ಕೆ ಬರುವಂತೆ ಬಿಟ್ಟೆ.

ಜೋಡಣೆ

ಮುರಿದ ಮುಖವನ್ನು ಚಪ್ಪಟೆಯಾಗಿ ಕಡಿದು ಹಾಕಿ ಹೊಸ ಮೇಲ್ಮೈ ಮಾಡಿಕೊಂಡರೆ ಜೋಡಿಸುವುದು ಸಲೀಸು, ಆದರೆ ಅಷ್ಟು ಹಳೆಯ ಮರ ನಷ್ಟವಾಗುತ್ತದೆ. ಎಳೆಯ ಗುಂಟ ಹರಿದ ಇಳಿಜಾರು ಮುಖ ಅದಾಗಲೇ ಅಗಲವಾಗಿದ್ದುದರಿಂದ, ಅದರ ಉಬ್ಬುಗಳನ್ನು ಮಾತ್ರ ಚೂಪಾದ ಉಳಿಯಿಂದ ಸಮ ಮಾಡಿದೆ. ಹೊಸ ತುಂಡನ್ನು ಅದಕ್ಕೆ ಹೊಂದಿಸಲು ಹಳೆಯ ಮುಖಕ್ಕೆ ದೀಪದ ಮಸಿಯನ್ನು ತೆಳ್ಳಗೆ ಸವರಿ, ಹೊಸ ತುಂಡನ್ನು ಒತ್ತಿ, ಮಸಿ ಹತ್ತಿದ ಕಡೆಯಷ್ಟೇ ಕೆರೆಯುತ್ತ ಹೋದೆ. ಮಸಿ ಎಲ್ಲೆಡೆ ಸಮನಾಗಿ ಹತ್ತುವವರೆಗೆ ಈ ಕೆಲಸ. ಇದರಲ್ಲಿ ಅವಸರ ನಡೆಯುವುದಿಲ್ಲ. ಒಂದು ಕಡೆ ಹೆಚ್ಚು ಕೆರೆದರೆ ಇಡೀ ಮುಖವನ್ನು ಮತ್ತೆ ಇಳಿಸಬೇಕಾಗುತ್ತದೆ. ಹೊಸ ತುಂಡಿನ ಎಳೆ ಹಳೆಯದರ ಎಳೆಗೆ ಸಮಾಂತರವಾಗಿರಬೇಕೆಂಬುದು ನಿಯಮ, ಹಾಗೆ ಮಾಡಿದಾಗ ಹಳೆಯ ದೌರ್ಬಲ್ಯವೂ ಜೊತೆಗೇ ಬರುತ್ತದೆ. ಅದಕ್ಕೆ ಪರಿಹಾರವಾಗಿ ಜೋಡಣೆಗೆ ಅಡ್ಡಲಾಗಿ ಒಂದೂವರೆ ಮಿಲಿಮೀಟರ್‌ನ ಎರಡು ರಂಧ್ರ ಕೊರೆದು ಬಿದಿರಿನ ಹೊರಸಿಪ್ಪೆಯಿಂದ ಸೀಳಿದ ಕಡ್ಡಿಗಳನ್ನು ಮೊಳೆಯಾಗಿ ಹಾಕಿದೆ. ಎರಡೂ ಒಂದೇ ಎಳೆಯ ಮೇಲೆ ಬೀಳದಂತೆ ತುಸು ಮೇಲೆ ಕೆಳಗೆ ಇಟ್ಟೆ, ಇಲ್ಲದಿದ್ದರೆ ಬಿರುಕಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ.

ಅಂಟಿನ ವಿಷಯದಲ್ಲಿ ನನ್ನ ಆಯ್ಕೆ ತೊಗಲಿನ ಸರೇಸು, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿಸಿದ್ದು. ಇಂದಿನ ಅಂಗಡಿಗಳ ಎರಡು ಕೊಳವೆಯ ಅಂಟು ಇದಕ್ಕಿಂತ ಗಟ್ಟಿ ಎಂಬುದು ನಿಜ, ಜಾವಾದ ತೇವಕ್ಕೆ ಸರೇಸು ಸಡಿಲವಾಗುವ ಭಯವೂ ಇದೆ. ಆದರೆ ಮುಂದೆ ಎಂದಾದರೂ ಈ ಎಲೆ ಮತ್ತೆ ಪೆಟ್ಟು ತಿಂದರೆ, ಸರೇಸಿನ ಜೋಡಣೆ ಅಂಟಿನ ಗೆರೆಯಲ್ಲಿ ಬಿಡುತ್ತದೆ, ಬಿಸಿನೀರಿನ ಬಟ್ಟೆಯಿಂದ ಬಿಡಿಸಿ ಮತ್ತೆ ಕೂಡಿಸಬಹುದು. ಗಟ್ಟಿ ಅಂಟಾದರೆ ಅಂಟು ಉಳಿದು ಪಕ್ಕದ ಹಳೆಯ ಮರ ಒಡೆಯುತ್ತದೆ. ಎಳೆಯುವ ಒತ್ತಡವನ್ನು ಬಿದಿರಿನ ಮೊಳೆಗಳು ಹೊರುವುದರಿಂದ ಸರೇಸಿನ ಮೇಲೆ ಬೀಳುವ ಭಾರ ಕಡಿಮೆ. ಇಲ್ಲಿನ ಹಳೆಯ ಕೆಲಸಗಳಲ್ಲಿ ಜಬುಂಗ್ ಎಂಬ ರಾಳದ ಅಂಟನ್ನು ಬಳಸುತ್ತಿದ್ದರು, ನಮ್ಮ ಒರೆಯಲ್ಲಿ ವರಂಗ್ಕಾ ಗಂದರ್‌ಗಳ ಕೂಡಿಕೆಯಲ್ಲಿ ಅದರ ಕಪ್ಪು ಗೆರೆ ಕಾಣುತ್ತದೆ. ಅದು ಗಟ್ಟಿಯಾಗಿಯೇ ಇತ್ತು, ಮುಟ್ಟಲಿಲ್ಲ.

ಎಲೆಯ ಆಕಾರ ಕೊಡುವುದು ಪಂಗೊತ್ ಎಂಬ ಬಾಗಿದ ಅಲಗಿನ ಚಾಕುವಿನಿಂದ, ಆಮೇಲೆ ಅರದಿಂದ. ಕಾಗದದ ಅಚ್ಚು ಎದುರಿನ ನೋಟವನ್ನಷ್ಟೇ ಹೇಳುತ್ತದೆ. ಲದ್ರಂಗ್‌ನ ಎಲೆ ಚಪ್ಪಟೆಯಲ್ಲ. ಉಳಿದಿದ್ದ ಬುಡವನ್ನು ಮೇಲಿನಿಂದ ನೋಡಿದಾಗ ಅದು ಮಧ್ಯರೇಖೆಯಿಂದ ಒಂದು ಪಕ್ಕಕ್ಕೆ ನಿಧಾನವಾಗಿ ತಿರುಚಿಕೊಂಡು ಹೋಗುವುದು ಕಾಣಿಸಿತು. ಆ ತಿರುಚು ಎಲ್ಲಿಂದ ಶುರುವಾಗಿದೆ ಎಂಬುದನ್ನು ಬೆರಳಿನಿಂದ ತಡವಿ ಗುರುತು ಹಾಕಿ, ಅದೇ ವೇಗದಲ್ಲಿ ತುದಿಯವರೆಗೆ ಮುಂದುವರಿಸಿದೆ. ದಪ್ಪ ಜೋಡಣೆಯಲ್ಲಿ 7 ಮಿಲಿಮೀಟರ್, ತುದಿಯ ಅಂಚಿನಲ್ಲಿ 2 ಮಿಲಿಮೀಟರ್‌ಗಿಂತ ಕಡಿಮೆ. ದೀಪವನ್ನು ಪಕ್ಕದಿಂದ ಹಿಡಿದರೆ ಮೈ ಮೇಲಿನ ಬೆಳಕಿನ ಗೆರೆ ಹಳೆಯ ಮರದಿಂದ ಹೊಸ ಮರಕ್ಕೆ ಮುರಿಯದೆ ಹರಿಯಬೇಕು. ಜೋಡಣೆಯ ಹತ್ತಿರ ಗೆರೆ ಎಲ್ಲಾದರೂ ಕೊಂಕಿದರೆ ಅಲ್ಲಿ ಇನ್ನೂ ಒಂದು ಎಳೆ ಮರ ಹೆಚ್ಚಿದೆ ಎಂದರ್ಥ. ಅರದಲ್ಲಿ ಕಾಣದ ತಪ್ಪು ಈ ಗೆರೆಯಲ್ಲಿ ಕಾಣುತ್ತದೆ. ಕೊನೆಯ ಉಜ್ಜುವಿಕೆಗೆ ಅಂಪೆಲಾಸ್ ಎಂಬ ಅತ್ತಿ ಜಾತಿಯ ಮರದ ಒರಟು ಎಲೆಯನ್ನು ಇಲ್ಲಿ ಹಿಂದಿನಿಂದಲೂ ಬಳಸುತ್ತಾರೆ, ನಮ್ಮ ಗರಗತ್ತಿಯ ಎಲೆಯ ಹಾಗೆ. ಮರಳುಕಾಗದ ಎಳೆಯನ್ನು ಮುಚ್ಚುತ್ತದೆ, ಈ ಎಲೆ ಹಾಗೆ ಮಾಡುವುದಿಲ್ಲ. ಹೊಸ ಮರದ ತಿಳಿ ಬಣ್ಣವನ್ನು ಹಳೆಯದರ ಹತ್ತಿರಕ್ಕೆ ತರಲು ಗಟ್ಟಿ ಚಹಾ ಕಷಾಯವನ್ನು ಸವರಿ ಒಣಗಿಸಿ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಪಾಲಿಶ್ ಅನ್ನು ಬಟ್ಟೆಯ ಉಂಡೆಯಿಂದ ಹೊಸ ಭಾಗಕ್ಕೆ ಮಾತ್ರ ಹಚ್ಚಿದೆ. ಹತ್ತಿರದಿಂದ ನೋಡಿದರೆ ಹೊಸ ತುದಿ ತುಸು ತಿಳಿಯಾಗಿಯೇ ಕಾಣುತ್ತದೆ. ಅದನ್ನು ಇನ್ನೂ ಕಪ್ಪು ಮಾಡಿ ಹಳೆಯದೆಂದು ತೋರಿಸುವ ಅಗತ್ಯ ನನಗೆ ಕಾಣಲಿಲ್ಲ, ಮರ ತಾನೇ ವರ್ಷಗಳಲ್ಲಿ ಗಾಢವಾಗುತ್ತದೆ.

ಬಾಯಿ ಮತ್ತು ಕವಚ

ಒಳ್ಳೆಯ ಒರೆಯಲ್ಲಿ ಅಲಗು ಎಲ್ಲಿಯೂ ಮರವನ್ನು ಮುಟ್ಟುವುದಿಲ್ಲ. ಗಂಜ ಬಾಯಿಯ ಅಂಚಿನಲ್ಲಿ ಕೂತು ಇಡೀ ಅಲಗನ್ನು ಗಂದರ್‌ನ ಪೊಳ್ಳಿನಲ್ಲಿ ತೂಗುಬಿಟ್ಟಂತೆ ಹಿಡಿದಿರುತ್ತದೆ. ಅಂಚುಗಳು ಸವೆಯದೆ, ಪಮೊರ್ ಉಜ್ಜದೆ ಉಳಿಯುವುದು ಇದರಿಂದ. ಬಾಯಿ ಅಗಲವಾಗಿ ಗಂಜ ಕೆಳಗಿಳಿದಿದ್ದ ನಮ್ಮ ಒರೆಯಲ್ಲಿ ಅಲಗಿನ ತುದಿ ಗಂದರ್‌ನ ತಳಕ್ಕೆ ತಾಗುತ್ತಿತ್ತು, ಅಲ್ಲಾಡಿಸಿದರೆ ಸಣ್ಣ ಸದ್ದು ಬರುತ್ತಿತ್ತು. ಬಾಯಿಯ ಎರಡು ಉದ್ದ ಬದಿಗಳಲ್ಲಿ ಒಂದು ಮಿಲಿಮೀಟರ್ ಆಳದ ತೋಡು ತೆಗೆದು, ತಿಮೊಹೊದ ತೆಳು ಪಟ್ಟಿಗಳನ್ನು ಎಳೆ ಹೊಂದುವಂತೆ ಕೂರಿಸಿದೆ. ಮೊದಲು ಕಾಗದದ ಅಚ್ಚಿಗೆ, ಆಮೇಲೆ ಕ್ಲಾತೆನ್‌ನ ಮನೆಯಲ್ಲಿ ನಿಜವಾದ ಗಂಜಕ್ಕೆ ಹೊಂದಿಸುತ್ತ, ಇಲ್ಲಿಯೂ ಮಸಿಯ ಗುರುತನ್ನೇ ನಂಬಿ, ಪಟ್ಟಿಗಳನ್ನು ಕೂದಲೆಳೆಯಷ್ಟು ಕೆರೆಯುತ್ತ ಬಂದೆ. ಬಾಲದ ಕಡೆಯನ್ನು ತುಸು ಸಡಿಲ ಬಿಟ್ಟು ತಲೆಯ ಕಡೆ ಬಿಗಿ ಇಟ್ಟರೆ ಸರಿ. ತೆಳುವಾದ ಬಾಲದ ಮೇಲೆ ಬಿಗಿ ಹಾಕಿದರೆ ಗಂಜವೇ ಅಲಗಿನಿಂದ ಸಡಿಲವಾಗುವ ಅಪಾಯವಿದೆ. ಒರೆಯನ್ನು ತಲೆಕೆಳಗು ಹಿಡಿದಾಗ ಅಲಗು ತಾನಾಗಿ ಬೀಳಬಾರದು, ಹೆಬ್ಬೆರಳಿನಿಂದ ಒತ್ತಿದಾಗ ತಡೆಯದೆ ಬಿಡಬೇಕು. ಈ ಎರಡೂ ಆದ ಮೇಲೆ ಅಲ್ಲಾಡಿಸಿ ನೋಡಿದಾಗ ಒಳಗಿನಿಂದ ಸದ್ದು ಬರಲಿಲ್ಲ.

ಕವಚದ ಕೆಲಸ ಚಿಕ್ಕದು. ಗಂದರ್ ಒಣಗಿ ಕುಗ್ಗಿದ್ದರಿಂದ ಹಿತ್ತಾಳೆಯ ಪೆಂಡೊಕ್ ಸಡಿಲವಾಗಿತ್ತು. ಮೇಣ ಹಚ್ಚಿದ ಕಾಗದದ ಒಂದು ಸುತ್ತನ್ನು ಕಾಂಡದ ಮೇಲ್ಭಾಗಕ್ಕೆ, ಬ್ಲೆವಾದ ಸೀಳಿನಲ್ಲಿ ಕಾಣದ ಹಾಗೆ ಹಿಂಬದಿಗೆ ಮಾತ್ರ ಸುತ್ತಿದೆ. ಹಸಿರು ಕಿಲುಬನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೆಗೆದೆ, ಆದರೆ ಉಬ್ಬು ಕೆತ್ತನೆಯ ತಗ್ಗುಗಳಲ್ಲಿ ಕೂತಿರುವ ಕಪ್ಪನ್ನು ಬಿಟ್ಟೆ. ಅದನ್ನೂ ತೆಗೆದರೆ ಬಳ್ಳಿಗಳ ರೇಖೆ ಕಣ್ಣಿಗೆ ಹತ್ತುವುದಿಲ್ಲ. ಕೆಲವು ಕುಟುಂಬಗಳಲ್ಲಿ ಪೆಂಡೊಕ್‌ಗೆ ಕೆಮಾಲೊ ಎಂಬ ಅರಗಿನ ಬಣ್ಣ ಬಳಿದಿರುತ್ತದೆ. ಸುರಕರ್ತಾದ ಆಸ್ಥಾನದಲ್ಲಿ ಆ ಬಣ್ಣ ಧರಿಸುವವನ ಅಂತಸ್ತನ್ನು ಹೇಳುತ್ತಿತ್ತು, ಕೆಂಪು ಎಲ್ಲಕ್ಕಿಂತ ಮೇಲಿನದು. ಇದರಲ್ಲಿ ಬಣ್ಣವಿರಲಿಲ್ಲ, ಬಳಿಯಿರೆಂದು ಯಾರೂ ಕೇಳಲೂ ಇಲ್ಲ.

ಹಿಡಿಯ ವಿಷಯ ಕುಟುಂಬಕ್ಕೇ ಬಿಟ್ಟದ್ದು. ಸುರಕರ್ತಾದ ಲದ್ರಂಗ್‌ಗೆ ಯೋಗ್ಯಕರ್ತಾದ ಹಿಡಿ ಸಲ್ಲದೆಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ, ಮದುವೆಯ ಮಂಟಪದಲ್ಲಿ ಹೇಳಿಯೇ ಹೇಳುತ್ತಾರೆ. ಮನೆಯ ಹಿರಿಯರಿಗೆ ಅದು ಅವರ ತಂದೆ ಹಿಡಿದು ನಡೆದ ಹಿಡಿ. ಬೇಕಾದರೆ ಆ ಒಂದು ದಿನಕ್ಕೆ ಸುರಕರ್ತಾದ ಹಿಡಿಯೊಂದನ್ನು ತಂದು ತೊಡಿಸಬಹುದು, ಬಟ್ಟೆಯ ಬಿಗಿತದಿಂದ ನಿಲ್ಲುವ ಹಿಡಿಯಾದ್ದರಿಂದ ಮರುದಿನ ಹಳೆಯದನ್ನು ಮರಳಿ ಹಾಕಲು ಅಡ್ಡಿಯಿಲ್ಲ ಎಂದಷ್ಟೇ ತಿಳಿಸಿದೆ. ಒರೆಯನ್ನು ಮರಳಿಸುವಾಗ ಎರಡು ಸೂಚನೆ ಕೊಟ್ಟೆ. ಎತ್ತುವಾಗ ಎಲೆಯನ್ನು ಹಿಡಿದು ಎತ್ತಬಾರದು, ಗಂದರ್‌ನ ಕೆಳಗೆ ಕೈ ಕೊಡಬೇಕು. ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ಅಲಗನ್ನು ತೊಳೆದು ವಾರಂಗನ್ ಮಾಡಿಸಿದ ಮೇಲೆ ನಿಂಬೆಯ ಹುಳಿ ಪೂರ್ತಿ ತೊಳೆದು ಹೋಗಿ, ಅಲಗು ಒಣಗಿ, ಎಣ್ಣೆ ಹೀರಿಕೊಳ್ಳುವವರೆಗೆ ಅದನ್ನು ಒರೆಗೆ ಸೇರಿಸಬಾರದು. ತೇವ ಮೊದಲು ತಾಗುವುದು ಬಾಯಿಯ ಹೊಸ ಪಟ್ಟಿಗಳಿಗೆ. ಆ ತೊಳೆಯುವಿಕೆ ಮುಗಿದ ನಂತರ ಪಟ್ಟಿಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಿ ಬರುವುದೆಂದು ಮಾತಾಗಿದೆ.